ಹ್ಯಾಂಡಲ್ಲಿಗೆ ಕಟ್ಟಿದ ಹಳದಿ ದಾರ

ಆ ಮೆಷಿನ್ ನಮ್ಮ ಮನೆಯ ಅಂಗಳಕ್ಕೆ ಇಳಿದ ದಿನವೇ ನನಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಗೂಡ್ಸ್ ಆಟೋದಲ್ಲಿ ಟಾರ್ಪಾಲು ಹೊದಿಸಿಕೊಂಡು ಬಂದಿದ್ದರು. ಹುಲ್ಲುಹಾಸು ಕತ್ತರಿಸುವ ಮೆಷಿನ್. ಮನೆ ಮುಂದಿನ ಚೂರು ಹುಲ್ಲಿಗೆ ಓಡಿಸುವ ಪುಟ್ಟದಲ್ಲ, ದಿನವಿಡೀ ದುಡಿಸುವುದಕ್ಕೆಂದೇ ಮಾಡಿದ್ದು. ಪೆಟ್ರೋಲ್ ಇಂಜಿನ್ನು, ನಾಲ್ಕು ಚಕ್ರ, ನಡುವೆ ಕವುಚಿ ಹಾಕಿದ ಬಾಣಲೆಯಂಥ ದಪ್ಪ ತಗಡು, ಅದರ ಹೊಟ್ಟೆಯೊಳಗೆ ನನ್ನ ಮೊಳದಷ್ಟು ಉದ್ದದ ಬ್ಲೇಡು. ಹಿಂದೆ ಹಿಡಿದುಕೊಂಡು ನಡೆಯಲು ಉದ್ದನೆಯ ಹ್ಯಾಂಡಲ್ಲು. ದೂಡುವ ಕಷ್ಟವಿಲ್ಲ, ಗೇರು ಹಾಕಿದರೆ ತಾನೇ ಎಳೆದುಕೊಂಡು ಹೋಗುತ್ತದೆ. ಅದೇ ನನಗೆ ಮೊದಲು ಹಿಡಿಸದ ಸಂಗತಿ. ಕತ್ತರಿಸುವ ವಸ್ತು ಕತ್ತರಿಸಬೇಕು, ನಡೆಯಬಾರದು.

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿರುವ ಒಂದು ರೆಸಾರ್ಟಿನವರು, ಇದಕ್ಕೆಂದು ಆಳು ಇಟ್ಟುಕೊಳ್ಳುವ ತಾಪತ್ರಯ ಬೇಡವೆಂದು, ಮೆಷಿನ್ನನ್ನೂ ಕೆಲಸವನ್ನೂ ಒಟ್ಟಿಗೇ ನಮ್ಮವರಿಗೆ ಒಪ್ಪಿಸಿದ್ದರು. ಚಾಮರಾಜನಗರದ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಹೊಸ ಕಲ್ಯಾಣ ಮಂಟಪವೊಂದು ಎದ್ದಿತ್ತು. ಈಗಿನವರಿಗೆ ಆರತಕ್ಷತೆ ಹುಲ್ಲಿನ ಮೇಲೇ ಆಗಬೇಕಲ್ಲ, ಅದಕ್ಕೆ ಅಲ್ಲೂ ಒಂದು ದೊಡ್ಡ ಹುಲ್ಲುಹಾಸು. ಅದೂ ಇವರ ಪಾಲಿಗೇ ಬಂತು. ಅಲ್ಲಿಯವರೆಗೆ ಕುದೇರಿನ ಕಡೆ ಪರರ ಟಿಲ್ಲರ್ ಓಡಿಸಿಕೊಂಡಿದ್ದವರು. ಸ್ವಂತದ್ದೊಂದು ಕೆಲಸ ಅಂತ ಆಯಿತಲ್ಲ, ಅದು ಮಾದಪ್ಪನ ದಯೆ ಅಂದುಕೊಂಡೆ. ಆದರೆ ದಯೆಯ ಬೆನ್ನಿಗೇ ಬ್ಲೇಡು ಬಂದಿದೆಯಲ್ಲ ಅಂತಲೂ ಅನ್ನಿಸಿತು.

ನಾನು ಅನುಮಾನದ ಹೆಂಗಸು. ಗ್ಯಾಸ್ ಆಫ್ ಮಾಡಿ ಹೊಸಿಲು ದಾಟಿದ ಮೇಲೂ ವಾಪಸ್ಸು ಬಂದು ಒಲೆಯ ನಾಬನ್ನು ಮುಟ್ಟಿ ನೋಡುವವಳು. ಮೆಷಿನ್ ಜೊತೆ ಒಂದು ಪುಸ್ತಕ ಬಂದಿತ್ತು. ಹಾಳೆಗಳು ಎಣ್ಣೆ ಕುಡಿದು ಹಪ್ಪಳದಂತಾಗಿದ್ದವು. ಇಂಗ್ಲಿಷಿನಲ್ಲಿತ್ತು. ನಾನು ಪಿಯುಸಿವರೆಗೆ ಓದಿದವಳು. ಮಧ್ಯಾಹ್ನದ ಹೊತ್ತು, ಪಾತ್ರೆ ತೊಳೆದು ಕೂತು, ತಿಳಿಯದ ಮಾತನ್ನು ಫೋನಿನಲ್ಲಿ ಹುಡುಕುತ್ತಾ ಅದನ್ನು ಪೂರ್ತಿ ಓದಿದೆ. ಚಿತ್ರಗಳಿಗೆ ಇಂಗ್ಲಿಷು ಬೇಕಿರಲಿಲ್ಲ. ಒಂದರಲ್ಲಿ ಕೈ ಒಂದು ಕಡೆ, ಬೆರಳುಗಳು ಇನ್ನೊಂದು ಕಡೆ. ಮತ್ತೊಂದರಲ್ಲಿ ಪಾದ, ಅರ್ಧ ತಗಡಿನ ಒಳಗೆ. ಅವತ್ತಿನಿಂದ ನನಗೆ ನಮ್ಮವರ ಪಾದದ್ದೇ ಚಿಂತೆಯಾಯಿತು.

"ಇದ್ನ ನೋಡಿ," ಅಂತ ಅವರ ಮುಂದೆ ಹಿಡಿದೆ.

ಟೀ ಲೋಟದ ಮೇಲಿಂದ ಕಣ್ಣು ಹಾಯಿಸಿದರು. "ಎಲ್ಲಾ ಮೆಷಿನ್ ಬುಕ್ಕಲ್ಲೂ ಅಂಗೇ ಬರ್ದಿರ್ತರ ಕಣ. ನಿನ್ ಮಿಕ್ಸಿ ಬುಕ್ಕಲ್ಲೂ ಅದ. ನಿನ್ ಬೆರಳೇನ್ ಓಗ್ಬುಟ್ವಾ?"

"ನನ್ ಮಿಕ್ಸಿ ಅಡುಗೆಮನ ತುಂಬ ನಡ್ಕಂಡ್ ತಿರ್ಗಲ್ಲ," ಅಂದೆ.

ಆ ಮೆಷಿನ್ನಿನಲ್ಲಿ ನನಗೆ ನಂಬಿಕೆ ಬಂದದ್ದು ಒಂದೇ ಒಂದು ಭಾಗದ ಮೇಲೆ. ಹ್ಯಾಂಡಲ್ಲಿನ ಉದ್ದಕ್ಕೂ ಬಿಲ್ಲಿನಂತೆ ಬಾಗಿದ ಇನ್ನೊಂದು ತೆಳು ಕಂಬಿ ಇತ್ತು. ಇವರು ಅದಕ್ಕೆ ಲಿವರ್ ಅನ್ನುತ್ತಿದ್ದರು. ಅದನ್ನು ಹ್ಯಾಂಡಲ್ಲಿಗೆ ಸೇರಿಸಿ ಬಿಗಿಯಾಗಿ ಹಿಡಿದಿದ್ದರೆ ಮಾತ್ರ ಇಂಜಿನ್ನು ಓಡುತ್ತದೆ. ಕೈ ಬಿಟ್ಟಿತೋ, ಕಂಬಿ ಸ್ಪ್ರಿಂಗಿನ ಬಲಕ್ಕೆ ಎಗರಿ ಹಿಂದಕ್ಕೆ ಬರುತ್ತದೆ, ಇಂಜಿನ್ನೂ ಬ್ಲೇಡೂ ಎರಡು ಉಸಿರಿನೊಳಗೆ ನಿಲ್ಲುತ್ತವೆ. ಹಿಡಿದವನು ಜಾರಲಿ, ಬೀಳಲಿ, ತಲೆ ತಿರುಗಲಿ, ಕೈ ಬಿಟ್ಟರೆ ಸಾಕು. ಯಾರೋ ಪುಣ್ಯಾತ್ಮ ನಮ್ಮಂಥವರ ಮನೆಯನ್ನು ನೆನೆದುಕೊಂಡು ಮಾಡಿದ ಕಂಬಿ ಅನ್ನಿಸಿತು. ಅಂಗಳದಲ್ಲಿ ಅವರ ಕೈಲಿ ನಾಲ್ಕು ಸಲ ಬಿಡಿಸಿ ನೋಡಿದೆ. ನಾಲ್ಕು ಸಲವೂ ನಿಂತಿತು.

ಉಳಿದದ್ದಕ್ಕೆಲ್ಲ ನಾನೇ ಕಾವಲು. ಚಪ್ಪಲಿ ಹಾಕಿ ಮೆಷಿನ್ ಮುಟ್ಟಕೂಡದು ಅಂತ ಕಬ್ಬಿಣದ ಮೂತಿಯ ಬೂಟು ತರಿಸಿದೆ. ಓಡಿಸುವ ಮೊದಲು ಹುಲ್ಲಿನಲ್ಲಿ ಕಲ್ಲು, ಮೊಳೆ, ಬಾಟಲಿ ಮುಚ್ಚಳ ಆರಿಸಬೇಕು. ಅಕ್ಕಿ ಆರಿಸಿದ ಹಾಗೆ ಆರಿಸಿ ಅನ್ನುತ್ತಿದ್ದೆ. ಬ್ಲೇಡಿಗೆ ತಗುಲಿದ ಕಲ್ಲು ಕವಣೆಯಿಂದ ಬಿಟ್ಟ ಹಾಗೆ ಹಾರುತ್ತದಂತೆ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಾಕಬಾರದು. ಅಡಿಯಲ್ಲಿ ಹುಲ್ಲು ಕಟ್ಟಿಕೊಂಡರೆ ಕೈ ಹಾಕುವ ಮೊದಲು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ಕ್ಯಾಪು ಕೀಳಬೇಕು. ಆಫ್ ಮಾಡಿದ್ದೇನಲ್ಲ ಅಂತ ಧೈರ್ಯ ಬೇಡ, ಕ್ಯಾಪು ಕಿತ್ತು ಆಮೇಲೆ ಧೈರ್ಯ. ಇದನ್ನು ನಾನು ದಿನಾ ಬೆಳಿಗ್ಗೆ ಡಬ್ಬಿ ಕೈಗೆ ಕೊಡುವಾಗ ಹೇಳುತ್ತಿದ್ದೆ. "ಪ್ಲಗ್ಗು!"

"ಪ್ಲಗ್ಗು ಕಣವ್ವ, ಪ್ಲಗ್ಗು," ಅಂತ ಅವರು ಮಂತ್ರಕ್ಕೆ ಮರುಮಂತ್ರ ಹೇಳಿ ಹೋಗುತ್ತಿದ್ದರು.

ಜೊತೆಗಾರನಾಗಿ ಬಂದವನು ಅವರ ಚಿಕ್ಕಪ್ಪನ ಮಗ, ಉಡಿಗಾಲದವನು. ನಲವತ್ತು ದಾಟಿದ ಆಳು, ನನಗೆ ಮೈದುನನಾಗಬೇಕು. ನನ್ನ ಅನುಮಾನವೆಲ್ಲ ಹೋಗಿ ಕೂತದ್ದು ಅವನ ಮೇಲೆ. ಎಲೆಅಡಿಕೆ ಬಾಯಿ, ಎಲ್ಲದಕ್ಕೂ ನಗು, ಕಾಲಿಗೆ ಹವಾಯಿ ಚಪ್ಪಲಿ. ಬೂಟು ಎಲ್ಲಪ್ಪ ಅಂದರೆ, "ಕಾಲ್ಗ ಗಾಳಿ ಬ್ಯಾಡ್ವಾ ಅತ್ತಿಗಮ್ಮ? ಅದೂ ಉಸ್ರಾಡ್ತದ," ಅನ್ನುವವನು. ಮೆಷಿನ್ ಓಡುತ್ತಿರುವಾಗಲೇ ಹುಲ್ಲು ಹೊರಬೀಳುವ ಬಾಯಿಗೆ ಕಡ್ಡಿ ಹಾಕಿ ಕೆದಕಿದ್ದನ್ನು ಒಮ್ಮೆ ನನ್ನ ಕಣ್ಣಾರೆ ಕಂಡಿದ್ದೆ. ಇವನಿಂದಲೇ ಏನಾದರೂ ಆಗುತ್ತದೆ ಅಂತ ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಆಯುಧ ಪೂಜೆ ಬಂತು. ನಮ್ಮಲ್ಲಿ ಕತ್ತಿ ಕುಡುಗೋಲಿನಿಂದ ಹಿಡಿದು ಕೆಲಸ ಮಾಡುವ ಪ್ರತಿಯೊಂದಕ್ಕೂ ಪೂಜೆ. ನೂಲನ್ನು ಒಂಬತ್ತು ಎಳೆ ಮಾಡಿ, ಅರಿಶಿನದ ನೀರಿನಲ್ಲಿ ನೆನೆಸಿ, ನಡುವೆ ಒಂದು ಅರಿಶಿನದ ಕೊಂಬು ಸೇರಿಸಿ ಕಟ್ಟುತ್ತೇವೆ. ಕಟ್ಟಿದ ಮೇಲೆ ಯಾರೂ ಅದನ್ನು ಬಿಚ್ಚುವುದಿಲ್ಲ, ಕತ್ತರಿಸುವುದಿಲ್ಲ. ಬಿಸಿಲಿಗೆ ಮಳೆಗೆ ಸವೆದು ತಾನಾಗಿ ಉದುರಬೇಕು. ಆ ವರ್ಷ ನಾನು ನಮ್ಮವರ ಸೈಕಲ್ಲಿಗೆ, ಗ್ರೈಂಡರಿಗೆ, ಈಳಿಗೆಮಣೆಗೆ ಕಟ್ಟಿ, ಕೊನೆಗೆ ಆ ಮೆಷಿನ್ನಿಗೂ ಕಟ್ಟಿದೆ. ವಿಭೂತಿ ಬಳಿದು, ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಇವರ ಕೈಕಾಲು ಕಾಯಪ್ಪ ಅಂತ ಬೇಡಿಕೊಂಡು, ಭಕ್ತಿ ಹೆಚ್ಚಾಗಿ, ದಾರವನ್ನು ಹ್ಯಾಂಡಲ್ಲಿಗೆ ಗಟ್ಟಿಯಾಗಿ ಐದು ಸುತ್ತು ಸುತ್ತಿದೆ. ಸುತ್ತುವಾಗ ಅಡ್ಡ ಬರುತ್ತಿದ್ದ ಆ ತೆಳು ಕಂಬಿಯನ್ನೂ ಒತ್ತಿ ಹಿಡಿದು ಸೇರಿಸಿಯೇ ಸುತ್ತಿದೆ. ನನ್ನ ಕೈ ಏನು ಮಾಡುತ್ತಿದೆ ಅಂತ ನನಗೆ ತಿಳಿಯಲಿಲ್ಲ. ಪುಸ್ತಕ ಓದಿದ ತಲೆ ಒಂದು ಕಡೆ, ಪೂಜೆ ಮಾಡುವ ಕೈ ಒಂದು ಕಡೆ.

ಅದಾಗಿ ಒಂದೂವರೆ ತಿಂಗಳು. ಕಾರ್ತಿಕದ ಒಂದು ಸೋಮವಾರ ದೇವರಿಗೆ ಎಡೆ ಮಾಡಿದ್ದೆ. ಪಾಯಸ ಬಿಸಿಯಾಗಿರುವಾಗಲೇ ಕೊಟ್ಟು ಬರೋಣ ಅಂತ ಕ್ಯಾರಿಯರ್ ಹಿಡಿದು ಮಂಟಪಕ್ಕೆ ನಡೆದೆ. ಗೇಟಿನ ಹೊರಗೇ ಇಂಜಿನ್ನಿನ ಸದ್ದು ಕೇಳಿತು. ಒಳಗೆ ಹೋದರೆ, ಮೆಷಿನ್ ಹುಲ್ಲಿನ ನಡುವೆ ಒಂಟಿಯಾಗಿ ನಿಂತು ಗುಡುಗುಡು ಅನ್ನುತ್ತಿದೆ. ಹ್ಯಾಂಡಲ್ಲಿನ ಮೇಲೆ ಒಂದು ಕೈಯೂ ಇಲ್ಲ. ನಮ್ಮವರು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ಮೈದುನ ಆಚೆ ಕುರ್ಚಿ ಎತ್ತಿಡುತ್ತಿದ್ದ. ನನ್ನನ್ನು ಕಂಡದ್ದೇ ಕುರ್ಚಿ ಕೆಳಗೆ ಹಾಕಿ ಓಡಿಬಂದು ಮೆಷಿನ್ ಆಫ್ ಮಾಡಿದ.

"ಕೈ ಬುಟ್ರ ನಿಲ್ಬೇಕಲ್ವ ಇದು?" ಅಂದೆ.

ಮೈದುನ ನಮ್ಮವರ ಮುಖ ನೋಡಿದ. ನಮ್ಮವರು ಟವೆಲಿನಿಂದ ಮುಖ ಒರೆಸಿದರು, ಒರೆಸುತ್ತಲೇ ಇದ್ದರು.

"ಯಾಕ ನಿಲ್ನಿಲ್ಲ ಅಂತ ಕೇಳ್ದಿ ನಾನು."

"ನೀನೇ ಕಟ್ಟಿದ್ದಲ್ವ ದಾರವ?" ಅಂದರು. "ಲಿವರೂ ಸೇರ್ಸಿ ಬಿಗ್ದ್ಬುಟ್ಟಿದ್ದಿ. ಪೂಜ ದಾರ ಕೀಳಕ್ಕಾದ್ದಾ? ಉದ್ರಗಂಟ ಇರ್ಲಿ ಅಂತ ಬುಟ್ಟಿವ್ನಿ."

ನಾಲ್ಕು ಹೆಜ್ಜೆ ದೂರದಿಂದ ನೋಡಿದೆ. ಹೌದು, ಹಳದಿ ದಾರ, ಕಂಬಿಯನ್ನೂ ಹ್ಯಾಂಡಲ್ಲನ್ನೂ ಒಟ್ಟಿಗೆ ಬಿಗಿದು ಕೂತಿದೆ. ಯಾವ ಕಂಬಿಯನ್ನು ನಂಬಿದ್ದೆನೋ ಅದರ ಕತ್ತನ್ನು ನಾನೇ ಕಟ್ಟಿದ್ದೇನೆ, ಅದೂ ದೇವರ ಹೆಸರಿನಲ್ಲಿ. ಪಾಯಸ ಬಡಿಸಿದ್ದೂ ನೆನಪಿಲ್ಲ, ಮನೆಗೆ ಬಂದದ್ದೂ ನೆನಪಿಲ್ಲ.

ಸಂಜೆ ದೀಪ ಹಚ್ಚಿ, ದಿನಾ ಮಾಡುವಂತೆ, ಅವತ್ತು ದೇವರು ಕೊಟ್ಟದ್ದನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾ ಕೂತೆ. ಹಾಲು ಒಡೆಯಲಿಲ್ಲ. ನೀರು ಬಂತು. ಇವರು ಸಾಬೂತಾಗಿ ಮನೆಗೆ ಬಂದರು. ಮನಸ್ಸು ಅಲ್ಲಿಂದ ಮುಂದೆ ಹೋಗಲಿಲ್ಲ. ಎದ್ದು ಜಗಲಿಗೆ ಬಂದೆ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮೇಲೆ ಕಣ್ಣು ಬಿತ್ತು. ಅದೇ ದಿನ, ಅದೇ ಬಟ್ಟಲಿನ ಅರಿಶಿನದಲ್ಲಿ ಅದ್ದಿ ಕಟ್ಟಿದ ದಾರ. ಬೆಳ್ಳಗಾಗಿತ್ತು. ಹಳದಿ ಅನ್ನುವ ಹೆಸರೂ ಉಳಿದಿರಲಿಲ್ಲ.

ಅರಿಶಿನದ ಊರಿನಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗದು. ಅರಿಶಿನ ತಗುಲಿದ ಸೀರೆಯನ್ನು ಕಲೆ ಹೋಗಲಿ ಅಂತಲೇ ನಾವು ಬಿಸಿಲಿಗೆ ಹಾಕುತ್ತೇವೆ. ದಿನವಿಡೀ ಬಯಲಲ್ಲಿ ನಿಲ್ಲುವ ಮೆಷಿನ್ನಿನ ದಾರ ಒಂದೂವರೆ ತಿಂಗಳಾದ ಮೇಲೂ ಸೇವಂತಿಗೆಯ ಹಾಗೆ ಹಳದಿಯಾಗಿ ಹೇಗಿರುತ್ತದೆ?

ಅದು ನಾನು ಕಟ್ಟಿದ ದಾರವಲ್ಲ.

ನನ್ನದು ಯಾವತ್ತೋ ಸವೆದು ಬಿದ್ದಿದೆ. ಯಾರೋ ಅಂಗಡಿಯ ಬಣ್ಣದ ದಾರ ತಂದು ಅದೇ ಜಾಗಕ್ಕೆ, ಅದೇ ಥರ ಸುತ್ತಿದ್ದಾರೆ. ಯಾರು? ನನಗೆ ಹುಡುಕಬೇಕಾಗಿಯೂ ಇರಲಿಲ್ಲ. ನನ್ನನ್ನು ಕಂಡು ಓಡಿಬಂದು ಆಫ್ ಮಾಡಿದ ಕೈ ಯಾರದೆಂದು ಕಂಡಿದ್ದೆನಲ್ಲ. ಸೋಮಾರಿ. ಕಂಬಿ ಒತ್ತಿ ಹಿಡಿಯಲು ಬೇಜಾರು. ಅಣ್ಣನ ಕಾಲು ಹೋದರೆ ಇವನಿಗೇನು?

ಮರುದಿನ ಪೆಟ್ರೋಲ್ ಕ್ಯಾನು ಇಡಲು ಮನೆಗೆ ಬಂದವನನ್ನು ಅಂಗಳದಲ್ಲೇ ಹಿಡಿದೆ.

"ಮೆಷಿನ್ ದಾರ ಯಾರ್ ಕಟ್ಟಿದ್ದಪ್ಪ?"

"ನೀವೇ ಅಲ್ವ ಅತ್ತಿಗಮ್ಮ?"

"ನಾ ಕಟ್ಟಿದ್ದು ಬೆಳ್ಳಗಾಗಿರ್ಬೇಕು. ಇದು ಯಾವ್ ಅಂಗಡೀದು?"

ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ಕಡೆಯಿಂದ ಈ ಕಡೆಗೆ ತಂದ. ಮೊದಲ ಸಲ ಅವನು ನಗದೇ ಇದ್ದದ್ದು. "ನನ್ನೇನ್ ಕೇಳ್ಬ್ಯಾಡಿ. ಅಣ್ಣನ್ನ ಕೇಳಿ."

"ಅವ್ರ್ನ ಯಾಕ ಕೇಳ್ಲಿ? ನೀ ಮಾಡಿರದ್ಕ ಅವ್ರ್ ಯಾಕ ಉತ್ರ ಕೊಡ್ಬೇಕು?"

"ಸರಿ ಬುಡಿ, ನಾನೇ ಅನ್ಕಳಿ," ಅಂದು ಕ್ಯಾನು ಇಟ್ಟು ಹೋದ. ತಪ್ಪು ಒಪ್ಪಿಕೊಂಡ ಅಂತಲೇ ನಾನು ತಿಳಿದೆ.

ನಮ್ಮವರಿಗೆ ಹೇಳಿದೆ, ಅವನನ್ನು ಕೆಲಸದಿಂದ ಬಿಡಿಸಿ ಅಂತ. "ನೋಡನ," ಅಂದರು. ತಮ್ಮನ ಪರ ಒಂದು ಮಾತಿಲ್ಲ, ವಿರುದ್ಧವೂ ಒಂದು ಮಾತಿಲ್ಲ. ಅದೂ ಮನಸ್ಸಿನ ಮೂಲೆಯಲ್ಲಿ ಚುಚ್ಚಿತು. ಆದರೆ ಒಬ್ಬನ ಮೇಲೆ ಅನುಮಾನ ಕೂತ ಮೇಲೆ ಇನ್ನೊಬ್ಬರಿಗೆ ಅಲ್ಲಿ ಜಾಗ ಸಿಗುವುದಿಲ್ಲ.

ಆ ದಾರವನ್ನು ನಾನೇ ಕತ್ತರಿಸಿ ಬರಬಹುದಿತ್ತು. ಅವತ್ತೇ ಹೋಗಬಹುದಿತ್ತು. ಆದರೆ ನನ್ನ ಲೆಕ್ಕ ತಪ್ಪಾಗಿದ್ದು, ಅದು ಪೂಜೆಯ ದಾರವೇ ಆಗಿದ್ದರೆ? ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಿದೆ. ಅವರು ನಕ್ಕರು. "ನೀ ಕಟ್ಟಿದ್ದಲ್ಲ ಅಂದ್ರ ಅದು ಬರೀ ದಾರ ಕಣವ್ವ. ನೀ ಕಟ್ಟಿದ್ದೇ ಆಗಿದ್ರೂ, ಮನುಷ್ಯನ್ ಕಾಲ್ಗಿಂತ ದೊಡ್ದಾ ಅದು? ಕಿತ್ತಾಕು." ಅಷ್ಟು ಕೇಳಿಯೂ ನಾನು ಮುಂದಿನ ಸೋಮವಾರ ಪೂಜೆ ಮುಗಿಸಿ ಕೀಳೋಣ ಅಂತ ದಿನ ಇಟ್ಟುಕೊಂಡೆ. ಬ್ಲೇಡು ಸೋಮವಾರಕ್ಕೆ ಕಾಯುತ್ತದೆಯೇ?

ಶುಕ್ರವಾರ ಬೆಳಿಗ್ಗೆ ರೆಸಾರ್ಟಿನ ಮ್ಯಾನೇಜರ್ ಫೋನ್ ಮಾಡಿದರು. ಮಲಯಾಳಿ, ಕನ್ನಡ ನಿಧಾನ. "ಚೇಚಿ, ಪೇಡಿಕ್ಕಂಡ, ಭಯ ಬೇಡ. ಕಾಲಿಗೆ ಸ್ವಲ್ಪ ಆಯಿತು. ಗುಂಡ್ಲುಪೇಟೆ ಆಸ್ಪತ್ರೆಗೆ ಬನ್ನಿ." ಕಾಲು ಅನ್ನುವುದೊಂದೇ ನನಗೆ ಕೇಳಿದ್ದು. ಒಲೆ ಆರಿಸಿದೆನೋ ಇಲ್ಲವೋ ಅಂತ ಆವತ್ತೊಂದು ದಿನ ನಾನು ಹಿಂದಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಕೂತೆ. ತೆರಕಣಾಂಬಿ ದಾಟುವವರೆಗೂ ಒಂದು ಕಡೆ ಪಂಚಾಕ್ಷರಿ, ಒಂದು ಕಡೆ ಮೈದುನನಿಗೆ ಶಾಪ. ಎರಡೂ ಒಂದೇ ಬಾಯಲ್ಲಿ. ಪುಸ್ತಕದ ಆ ಪಾದದ ಚಿತ್ರ ಕಣ್ಣ ಮುಂದಿನಿಂದ ಕದಲಲಿಲ್ಲ. ಒಂದು ಬೆರಳು ಹೋಗಿದ್ದರೆ ಇಂಥ ಪೂಜೆ, ಪಾದ ಉಳಿದಿದ್ದರೆ ಇಂಥ ಪೂಜೆ ಅಂತ ಹರಕೆ ಹೊರಲು ಹೋಗಿ, ದೇವರ ಜೊತೆ ಚೌಕಾಸಿ ಮಾಡುತ್ತಿದ್ದೇನಲ್ಲ ಅಂತ ನಾಚಿಕೆಯಾಗಿ ಸುಮ್ಮನಾದೆ.

ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮವರು ಕೂತಿದ್ದರು. ಬಲಗಾಲ ಹೆಬ್ಬೆರಳಿಗೆ ದಪ್ಪ ಬಟ್ಟೆ. ನೆಲಕ್ಕೆ ಕೂತು ಎಣಿಸಿದೆ. ಐದು ಇದ್ದವು. ಉಗುರು ಹೋಗಿದೆ, ಬೆರಳಿದೆ ಅಂದರು ನರ್ಸಮ್ಮ. ಪಕ್ಕದಲ್ಲಿ ಬೂಟು. ಕಬ್ಬಿಣದ ಮೂತಿಯ ಮೇಲಿನ ಚರ್ಮ ಕೊಯ್ದು ಹೋಗಿತ್ತು, ಒಳಗಿನ ಕಬ್ಬಿಣಕ್ಕೆ ಬ್ಲೇಡು ಬಡಿದ ಗೆರೆ ಹೊಳೆಯುತ್ತಿತ್ತು. ಹೆಬ್ಬೆಟ್ಟಿನ ಅಗಲದಷ್ಟು ದಯೆ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆದದ್ದು ಇಷ್ಟು. ಮಂಜು ಬಿದ್ದು ಹುಲ್ಲು ಒದ್ದೆಯಿತ್ತು. ಒಣಗುವವರೆಗೆ ಕಾಯಬೇಕಿತ್ತು, ಕಾದಿಲ್ಲ. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸಬೇಕಿತ್ತು. ಇವರು ಇಳಿಜಾರಿನ ಕೆಳಗೆ ನಿಂತು ಮೆಷಿನ್ನನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದಾರೆ. ಕಾಲು ಜಾರಿ ಅಂಗಾತ ಬಿದ್ದಿದ್ದಾರೆ. ಎರಡು ಕೈಯೂ ಬಿಟ್ಟುಹೋಗಿದೆ. ನಿಲ್ಲಬೇಕಾದ ಮೆಷಿನ್ ನಿಲ್ಲದೆ, ಇಳಿಜಾರಿನಲ್ಲಿ ಕಾಲ ಮೇಲಕ್ಕೆ ಇಳಿದಿದೆ.

ಮೈದುನ ಗೋಡೆಗೆ ಒರಗಿ ನಿಂತಿದ್ದ. ಅವನನ್ನು ಕಂಡದ್ದೇ ನಾನು ಆಸ್ಪತ್ರೆ ಅನ್ನುವುದನ್ನೂ ಮರೆತೆ. "ಕಣ್ ತಂಪಾಯ್ತಾ ನಿಂಗ? ಕೈ ನೋವಾಯ್ತದ ಅಂತ ಕಟ್ಬುಟ್ಟೆಲ್ಲ, ಅಣ್ಣನ್ ಕಾಲ್ಗಿಂತ ನಿನ್ ಕೈ ಎಚ್ಚಾಯ್ತಾ?"

ಅವನು ತಲೆ ತಗ್ಗಿಸಿದ. ನಮ್ಮವರು, "ಏ, ಸುಮ್ಕಿರು," ಅಂದರು. ಯಾರಿಗೆ ಅಂದರು ಗೊತ್ತಾಗಲಿಲ್ಲ.

ಸುಮ್ಮನಿರಲಾಗದೆ ಹೊರಗೆ ಬಂದೆ. ಮೆಷಿನ್ನನ್ನು ಅದೇ ಗೂಡ್ಸ್ ಆಟೋದಲ್ಲಿ ತಂದು ಮರದ ಕೆಳಗೆ ನಿಲ್ಲಿಸಿದ್ದರು. ಪ್ಲಗ್ಗಿನ ಕ್ಯಾಪು ಕಿತ್ತು ನೇತಾಡುತ್ತಿತ್ತು. ಮಾದಪ್ಪನನ್ನು ನೆನೆದು ಆ ಹಳದಿ ದಾರಕ್ಕೆ ಕೈ ಹಾಕಿದೆ. ಮುಟ್ಟಿದ ಕೂಡಲೇ ತಿಳಿಯಿತು, ನೂಲಲ್ಲ, ನೈಲಾನು. ಬಿಚ್ಚುತ್ತಾ ಹೋದೆ. ನಾಲ್ಕನೇ ಸುತ್ತಿಗೆ ದಾರ ಮುಗಿದು ಒಳಗೆ ಕಬ್ಬಿಣ ಕಂಡಿತು. ಮನೆ ಕಟ್ಟುವವರು ಕಬ್ಬಿಣದ ಸರಳು ಬಿಗಿಯುವ ಕಟ್ಟುತಂತಿ. ದಾರ ಬರೀ ಹೊದಿಕೆ.

ತಂತಿಯ ತುದಿಯನ್ನು ತಿರುಚಿದ ರೀತಿ ನೋಡಿದೆ. ಎಲ್ಲರೂ ಬಲಕ್ಕೆ ತಿರುಚುತ್ತಾರೆ. ಇದು ಎಡಕ್ಕೆ ತಿರುಗಿತ್ತು. ನಮ್ಮ ಹಿತ್ತಿಲಿನ ಬಟ್ಟೆ ಒಣಗಿಸುವ ತಂತಿಯೂ ಹೀಗೇ ಎಡಕ್ಕೆ ತಿರುಗಿದೆ. ಅದನ್ನು ಕಟ್ಟಿದವರು ನಮ್ಮವರು. ಅವರು ಎಡಗೈಯವರು.

ಡ್ರೈವರನ ಹತ್ತಿರ ಕಟಿಂಗ್ ಪ್ಲೇಯರ್ ಇಸಕೊಂಡು ತಂತಿ ಕತ್ತರಿಸಿದೆ. ಕಂಬಿ ಟಪ್ಪನೆ ಎಗರಿ ಹಿಂದಕ್ಕೆ ಬಂತು. ತಂತಿಯನ್ನು ಅಂಗೈಯಲ್ಲಿ ಹಿಡಿದು ಒಳಗೆ ಹೋಗಿ ಅವರ ಮುಂದೆ ಚಾಚಿದೆ.

ಅವರು ನೆಲ ನೋಡುತ್ತಾ, "ಕೈ ಜೋಮು ಇಡೀತದ ಕಣ," ಅಂದರು. "ಲಿವರ್ ಇಡ್ಕಂಡು ಅರ್ಧ ಗಂಟಗ ಬೆರಳು ಸತ್ತಂಗಾಯ್ತವ. ರಾತ್ರೆಲ್ಲ ಉರೀತದ. ನಿನ್ ದಾರ ಕಟ್ದಾಗ ಒಂದ್ ವಾರ ಏನ್ ಸುಖ ಆಯ್ತು ಅಂದಿ! ಅದು ಉದ್ರೋಯ್ತು. ಅದ್ಕ ನಾನೇ ತಂತಿ ಬಿಗ್ದಿ."

"ನಂಗ ಯಾಕ ಯೋಳ್ನಿಲ್ಲ?"

"ಯೋಳಿದ್ರ ಕೆಲ್ಸವೇ ಬ್ಯಾಡ ಅಂತಿದ್ದಿ."

"ಮ್ಯಾಲ ದಾರ ಯಾಕ ಸುತ್ತುದ್ರಿ?"

ಅವರು ಕೊಯ್ದ ಬೂಟನ್ನು ಬೆಂಚಿನ ಕೆಳಗೆ ಸರಿಸಿದರು. "ಪೂಜ ದಾರ ಅಂದ್ರ ನೀನು ಮುಟ್ಟಲ್ಲ ಅಂತ ಗೊತ್ತಿತ್ತು."

ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯ, ನನ್ನ ಭಕ್ತಿಯ ಅಳತೆಯನ್ನು ಸರಿಯಾಗಿ ತೆಗೆದುಕೊಂಡು, ಅದರ ಹಿಂದೆ ಅಡಗಿ ಕೂತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೈದುನನ ಕಡೆ ತಿರುಗಿದೆ. ಆಗಲೇ ನಾನು ಅವನ ಬಲಗೈ ನೋಡಿದ್ದು. ಅಂಗೈ ತುಂಬ ಬಿಳಿಯ ಮುಲಾಮು. ಅಣ್ಣ ಬಿದ್ದಾಗ ಓಡಿಬಂದು ಪ್ಲಗ್ಗಿನ ಕ್ಯಾಪಿಗೆ ಕೈ ಹಾಕಿ ಕಿತ್ತವನು ಇವನೇ. ಹಳೆಯ ಕ್ಯಾಪು ಸೀಳಿತ್ತು, ಕರೆಂಟು ಹೊಡೆದಿದೆ. ಬಿಟ್ಟಿಲ್ಲ. ಕಿತ್ತ ಕೈ ಕಾದ ಸೈಲೆನ್ಸರಿನ ಮೇಲೆ ಬಿದ್ದಿದೆ.

"ದಿನಾ ಯೋಳ್ತಿದ್ರಲ್ಲ, ಪ್ಲಗ್ಗು ಪ್ಲಗ್ಗು ಅಂತ," ಅಂದ. "ಆ ಗಾಬ್ರೀಲಿ ಬ್ಯಾರ ಏನೂ ತೋಚ್ನಿಲ್ಲ ಅತ್ತಿಗಮ್ಮ."

"ನೀನ್ಯಾಕಪ್ಪ ನಂಗ ನಿಜ ಯೋಳ್ನಿಲ್ಲ?"

"ಎರ್ಡ್ ಸಲ ನಾ ಕಿತ್ತಾಕ್ದಿ. ಎರ್ಡ್ ಸಲವೂ ಅಣ್ಣ ಮತ್ತ ಕಟ್ಟುದ್ರು. ಅಣ್ಣನ್ ಮ್ಯಾಲ ಅತ್ತಿಗಗ ಚಾಡಿ ಯೋಳನಾ?" ನಕ್ಕ. "ನಿಮ್ಗ ನನ್ ಮ್ಯಾಲ ಅನ್ಮಾನ ಅಂತ ಗೊತ್ತಿತ್ತು ಬುಡಿ. ಯಾರ್ ಮ್ಯಾಲಿಲ್ಲ ನಿಮ್ಗ?"

"ತಪ್ಪಾಯ್ತು ಕಣಪ್ಪ," ಅಂದೆ.

"ಬೂಟ್ ಕೊಡ್ಸಿ, ಸರಿಯಾಯ್ತದ," ಅಂದ.

ಬೂಟು ಕೊಡಿಸಿದೆ. ಆದರೆ ಅವನ ಕೈ ವಾಸಿಯಾಗಲು, ಇವರ ಬೆರಳು ಮಾಯಲು ದಿನ ಹಿಡಿಯುವಂತಿತ್ತು. ಮುಂದಿನ ಶನಿವಾರ ಮಂಟಪದಲ್ಲಿ ಆರತಕ್ಷತೆ. ಹುಲ್ಲು ಪಾದ ಮುಚ್ಚುವಷ್ಟು ಎದ್ದಿತ್ತು. ಬೇರೆಯವರನ್ನು ಕರೆದರೆ ಕೆಲಸ ಅವರ ಪಾಲಾಗುತ್ತದೆ ಅಂತ ಇಬ್ಬರೂ ಪೆಚ್ಚು ಮೋರೆ ಹಾಕಿ ಕೂತಿದ್ದರು. "ನಾ ಓಡಿಸ್ತಿನಿ," ಅಂದೆ.

ಬುಧವಾರ ಅಂಗಳದಲ್ಲಿ ಮೆಷಿನ್ ರಿಪೇರಿಗೆ ಕೂತೆವು. ಸೀಳಿದ ಕ್ಯಾಪು ಬದಲಾಯಿಸಿದರು. ಏರ್ ಫಿಲ್ಟರ್ ಮೇಲಕ್ಕೆ ಬರುವಂತೆ ಮೆಷಿನ್ನನ್ನು ಒರಗಿಸಿ, ಪ್ಲಗ್ಗು ಕಿತ್ತಿದೆ ಅಂತ ನಾನು ಎರಡು ಸಲ ನೋಡಿ, ಬೂಟಿಗೆ ಬಡಿದು ಸೊಟ್ಟಗಾದ ಬ್ಲೇಡನ್ನು ತೆಗೆದು ಹೊಸದು ಹಾಕಿದರು. ಹಾಕುವ ಮೊದಲು ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಎರಡು ತುದಿಯೂ ಸಮ ತೂಗುತ್ತವೆಯೇ ಅಂತ ನೋಡಬೇಕು. ಒಂದು ತುದಿ ಭಾರವಾದರೆ ಮೆಷಿನ್ ನಡುಗುತ್ತದೆ, ಕೈಗೆ ಜೋಮು ಹಿಡಿಯುವುದೂ ಅದರಿಂದ ಹೆಚ್ಚು. ಹಳೆಯ ಬ್ಲೇಡನ್ನೂ ಒಮ್ಮೆ ಮೊಳೆಗೆ ಸಿಕ್ಕಿಸಿದೆ. ಸೊಟ್ಟಗಾಗುವ ಮೊದಲು ಹೇಗಿತ್ತೋ ದೇವರಿಗೇ ಗೊತ್ತು. ಒಂದು ಕಡೆ ಮಾತ್ರ ಸಾಣೆ ಹಿಡಿಸಿ ಸವೆಸಿದ್ದು ಕಣ್ಣಿಗೆ ಕಾಣುತ್ತಿತ್ತು.

ಗುರುವಾರ ಬಿಸಿಲು ಏರಿ ಹುಲ್ಲು ಒಣಗಿದ ಮೇಲೆ ಮಂಟಪಕ್ಕೆ ಹೋದೆವು. ಸೀರೆಯ ಸೆರಗು ಬ್ಲೇಡಿನ ಹತ್ತಿರ ಬೇಡವೆಂದು ಚೂಡಿದಾರ ಹಾಕಿದ್ದೆ, ವೇಲು ಮನೆಯಲ್ಲೇ ಬಿಟ್ಟಿದ್ದೆ. ಬಳೆ ಬಿಚ್ಚಲು ಮನಸ್ಸಾಗದೆ ಮುಂಗೈಗೆ ಬಟ್ಟೆ ಸುತ್ತಿದ್ದೆ. ಮೈದುನ ಎಡಗೈಯಲ್ಲೇ ಕಲ್ಲು ಆರಿಸಿಕೊಟ್ಟ. ನಮ್ಮವರು ಕುರ್ಚಿ ಹಾಕಿಕೊಂಡು ಕೂತರು.

"ಲೋ, ದೂರ ನಿಂತ್ಕಲಾ," ಅಂದರು ತಮ್ಮನಿಗೆ. "ನಿಮ್ಮತ್ತಿಗ ಡ್ರೈವಿಂಗು ನಂಗೇ ಗೊತ್ತಿಲ್ಲ."

"ನಾ ಗೇಟ್ ಆಚಗೇ ನಿಂತ್ಕಂಡಿನಿ ಬುಡಣ್ಣ."

ಇಂಜಿನ್ನಿನ ಹಗ್ಗ ಎಳೆದು ಸ್ಟಾರ್ಟ್ ಮಾಡಿಕೊಟ್ಟವನೂ ಅವನೇ, ನಾನು ಕಂಬಿ ಒತ್ತಿ ಹಿಡಿದಿದ್ದೆ. ಮೊದಲ ಸಾಲು ಹಾವಿನಂತೆ ಹೋಯಿತು. ಎರಡನೆಯದು ನೆಟ್ಟಗಾಯಿತು. ಕೊಯ್ದ ಹುಲ್ಲಿನ ವಾಸನೆ ಏಳುತ್ತಿತ್ತು, ಚೆನ್ನಾಗಿಯೇ ಇತ್ತು. ಎಂಟನೆಯ ಸಾಲಿಗೆ ಬೆರಳ ತುದಿ ಜುಮ್ಮೆಂದಿತು. ಹತ್ತನೆಯ ಸಾಲಿಗೆ ಅಂಗೈ ನನ್ನದೇ ಅನ್ನಿಸಲಿಲ್ಲ, ಯಾರದೋ ಕೈಯನ್ನು ಹ್ಯಾಂಡಲ್ಲಿಗೆ ಅಂಟಿಸಿದ ಹಾಗೆ. ತೋಳಿನವರೆಗೂ ಇರುವೆ ಹರಿದಂತಾಯಿತು. ಇವರು ಇದನ್ನು ದಿನಾ, ವಾರಕ್ಕೆ ಆರು ದಿನ ಹಿಡಿದಿದ್ದರು. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಕಾಲಿನ ಮೇಲೆಯೇ ಕಣ್ಣಿಟ್ಟು ಕೂತಿದ್ದೆ.

ವೇದಿಕೆಯ ಹತ್ತಿರ ಬಂದಾಗ, ಹಿಂದಿನ ಮದುವೆಯವರು ಬಿಟ್ಟುಹೋದ ಒಂದು ಕೆಂಪು ರಿಬ್ಬನ್ನು ಕಂಬದಲ್ಲಿ ನೇತಾಡುತ್ತಿತ್ತು. ಒಳ್ಳೆಯ ಗಟ್ಟಿ ರಿಬ್ಬನ್ನು. ಅದರ ಮೇಲೆ ಕಣ್ಣು ಬಿತ್ತು. ಬಿದ್ದ ಕಣ್ಣು ಅಲ್ಲೇ ನಿಂತಿತು. ಮೂರು ಸುತ್ತು ಸಾಕು. ಇನ್ನು ಆರೇ ಸಾಲು ಉಳಿದಿದೆ. ಇದು ಇಳಿಜಾರಲ್ಲ, ಒದ್ದೆಯೂ ಅಲ್ಲ.

ಇಡೀ ಊರನ್ನು ಅನುಮಾನಿಸಿದವಳು ಆ ಹೊತ್ತಿನಲ್ಲಿ ನನ್ನನ್ನು ನಾನೇ ಹಿಡಿದುಹಾಕಿದೆ. ಎರಡು ಕೈಯನ್ನೂ ಬಿಟ್ಟೆ. ಕಂಬಿ ಎಗರಿತು, ಇಂಜಿನ್ನು ಕೆಮ್ಮಿ ನಿಂತಿತು.

"ಯಾಕ ನಿಲ್ಸ್ಬುಟ್ಟ? ಕಲ್ ಸಿಕ್ತಾ?" ನಮ್ಮವರು ಕೂತಲ್ಲಿಂದಲೇ ಕೂಗಿದರು.

"ಇಲ್ಲ." ನಡೆದು ಹೋಗಿ ಅವರ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತೆ. "ಕಟ್ಬುಡನಾ ಅನ್ನುಸ್ತು ರೀ ನಂಗೂ."

ನಮ್ಮವರು ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ತಮ್ಮನ ಎದುರು, ಬಟ್ಟಬಯಲಲ್ಲಿ, ಯಾವತ್ತೂ ಹಾಗೆ ಮಾಡಿದವರಲ್ಲ. ಕಿರುಬೆರಳಿನಿಂದ ಹಿಡಿದು ಒಂದೊಂದೇ ಬೆರಳನ್ನು ಎಳೆದು ನೆಟಿಕೆ ತೆಗೆದರು. ಆಮೇಲೆ ಎಡಗೈ. ಹತ್ತರಲ್ಲಿ ಎಂಟಕ್ಕೆ ಸದ್ದು ಬಂತು.

"ಉಳ್ದದ್ದ ನಾಳಕ ಮಾಡನ," ಅಂದರು.

ಆ ಆರು ಸಾಲು ಹುಲ್ಲನ್ನು ಹಾಗೇ ಬಿಟ್ಟು ನಾವು ಮನೆಗೆ ಹೋದೆವು.